ಶುಶ್ರೂಷಾ ಸಂಶೋಧನೆಯಲ್ಲಿ ಪ್ರಶ್ನಾವಳಿಯ ಪರೀಕ್ಷೆ

ಪ್ರಶ್ನೆ ಕೇಳುವುದು ಸುಲಭ. ಬಂದ ಉತ್ತರವನ್ನು ಎಷ್ಟರಮಟ್ಟಿಗೆ ನಂಬಬಹುದೆಂದು ನಿರ್ಣಯಿಸುವುದು ಕಷ್ಟ. ಅಧ್ಯಾಪಕರಿಗೆ ಈ ಮಾತು ಹೊಸದಲ್ಲ. ಮೈಯ ಜ್ವರವನ್ನು ಉಷ್ಣಮಾಪಕವು ತೋರಿಸುತ್ತದೆ. ಮನಸ್ಸಿನ ಅಳಲನ್ನು ರೋಗಿಯೇ ತಿಳಿಸಬೇಕು. ಆದುದರಿಂದಲೇ ಶುಶ್ರೂಷಾ ಸಂಶೋಧನೆಯಲ್ಲಿ, ವ್ಯಕ್ತಿಯು ತನ್ನ ಸ್ಥಿತಿಯನ್ನು ತಾನೇ ಗುರುತಿಸಿ ಹೇಳುವ ಪ್ರಶ್ನಾವಳಿಗೆ ಮಹತ್ವದ ಸ್ಥಾನವಿದೆ. ಆದರೆ ಬಳಕೆಗೆ ಮುನ್ನ ಅದನ್ನು ವಿಶ್ವಸನೀಯತೆ, ಸಪ್ರಮಾಣತೆ ಎಂಬ ಎರಡು ಗುಣಗಳಿಗಾಗಿ ಒರೆಗೆ ಹಚ್ಚಬೇಕು.

ಒಂದೇ ವಸ್ತುವನ್ನು ಎಷ್ಟು ಸಲ ತೂಗಿದರೂ ತಕ್ಕಡಿಯು ಒಂದೇ ತೂಕ ತೋರಿಸಿದರೆ ಅದು ವಿಶ್ವಸನೀಯ. ಆದರೆ ಪ್ರತಿಸಲವೂ ಕಾಲು ಕಿಲೋ ಕಡಿಮೆ ತೋರಿಸುವ ತಕ್ಕಡಿಯೂ ಉಂಟಷ್ಟೆ! ಅಳೆಯಬೇಕಾದುದನ್ನೇ ಸರಿಯಾಗಿ ಅಳೆಯುವ ಗುಣವೇ ಸಪ್ರಮಾಣತೆ. ಮೊದಲನೆಯದು ಇದ್ದ ಮಾತ್ರಕ್ಕೆ ಎರಡನೆಯದು ಸಿದ್ಧಿಸುವುದಿಲ್ಲ.

ಬಾಣಂತಿಯರ ಖಿನ್ನತೆಯನ್ನು ಗುರುತಿಸಲು ಕಾಕ್ಸ್, ಹೋಲ್ಡನ್ ಮತ್ತು ಸಗೋವ್ಸ್ಕಿ ಅವರು 1987ರಲ್ಲಿ ಪ್ರಕಟಿಸಿದ ಎಡಿನ್‌ಬರೋ ಮಾಪಕವು ಇದಕ್ಕೆ ಉತ್ತಮ ನಿದರ್ಶನ. ಹಿಂದಿನ 7 ದಿನಗಳ ಮನಃಸ್ಥಿತಿಯನ್ನು ಕುರಿತ 10 ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಆಯಾಸದಂತಹ ದೇಹಲಕ್ಷಣಗಳನ್ನು ಇದರಲ್ಲಿ ಬಿಟ್ಟಿದ್ದಾರೆ. ಹಸುಗೂಸಿನ ತಾಯಿಗೆ ಆಯಾಸವು ಸಹಜ, ಅದೊಂದನ್ನೇ ಖಿನ್ನತೆಯ ಗುರುತೆನ್ನಲಾಗದು.

ಪ್ರಶ್ನೆಗಳ ಪರಸ್ಪರ ಹೊಂದಾಣಿಕೆಯನ್ನು ತಿಳಿಸುವ ಆಲ್ಫಾ ಗುಣಾಂಕವನ್ನು ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದರು. ಅದು 1ಕ್ಕೆ ಸಮೀಪಿಸಿದಷ್ಟೂ ಹೊಂದಾಣಿಕೆ ಹೆಚ್ಚು. ಈ ಮಾಪಕಕ್ಕೆ ದೊರೆತುದು 0.87. ಸಂಶೋಧಕರು ಇಷ್ಟಕ್ಕೇ ತೃಪ್ತರಾಗಲಿಲ್ಲ. 84 ತಾಯಂದಿರನ್ನು ಮನೋವೈದ್ಯಕೀಯ ಸಂದರ್ಶನಕ್ಕೆ ಒಳಪಡಿಸಿ, ಅದರ ನಿರ್ಣಯದೊಡನೆ ಅಂಕಗಳನ್ನು ತಾಳೆ ನೋಡಿದರು. ನಿಜವಾಗಿ ಖಿನ್ನರಾದವರಲ್ಲಿ ಶೇಕಡಾ 86 ಮಂದಿಯನ್ನು ಮಾಪಕವು ಗುರುತಿಸಿತು. ಉಳಿದ ಶೇಕಡಾ 14 ಮಂದಿ ಕೇವಲ ಅಂಕಿಯಲ್ಲ. ನೆರವು ಬೇಕಿದ್ದೂ ಕಣ್ತಪ್ಪಿಹೋಗಬಹುದಾದ ತಾಯಂದಿರು.

ಇಂತಹ ಮಾಪಕವನ್ನು ಕನ್ನಡಕ್ಕೆ ತಂದಾಗ ಮತ್ತೆ ಪರೀಕ್ಷಿಸುವುದು ಅವಶ್ಯ. ಅನುವಾದವನ್ನು ಬೇರೊಬ್ಬರಿಂದ ಮೂಲಭಾಷೆಗೆ ತಿರುಗಿಸಿ ಹೋಲಿಸಬೇಕು. ಮನೆಮಾತಿನ ಬಾಣಂತಿಗೆ ಪ್ರಶ್ನೆಯು ತಿಳಿಯುವುದೇ ಎಂದು ನೋಡಬೇಕು. ಓದು ಬಾರದವಳಿಗೆ ಓದಿ ಹೇಳುವಾಗ, ಅತ್ತೆಯೋ ಗಂಡನೋ ಬಳಿಯಲ್ಲಿದ್ದರೆ ಉತ್ತರವು ಬದಲಾಗಬಹುದು. ಆದುದರಿಂದ ಏಕಾಂತದಲ್ಲಿ ಕೇಳುವುದೂ ಸಪ್ರಮಾಣತೆಯ ಭಾಗವೇ.

ಕೊನೆಯ ಪ್ರಶ್ನೆಯು ತನಗೆ ತಾನೇ ಹಾನಿಮಾಡಿಕೊಳ್ಳುವ ಯೋಚನೆಯನ್ನು ಕುರಿತದ್ದು. ಅದಕ್ಕೆ ಹೌದೆಂದವಳ ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಒಡನೆಯೇ ಗಮನ ನೀಡಬೇಕು. ಪ್ರಶ್ನಾವಳಿಯು ಶುಶ್ರೂಷಕಿಯ ಕಣ್ಣಿಗೆ ಕನ್ನಡಕವಾಗಬಲ್ಲದೇ ಹೊರತು ಕಣ್ಣೇ ಆಗಲಾರದು.