ಹಿಂಡಿಯಲ್ಲಿ ಉಳಿದ ಎಣ್ಣೆಯೂ ಒತ್ತಡದ ಗ್ಯಾಸೂ

ಗಾಣದಿಂದ ಆಗತಾನೆ ಹೊರಬಿದ್ದ ಶೇಂಗಾ ಹಿಂಡಿಯನ್ನು ಬೆರಳುಗಳ ನಡುವೆ ಹೊಸಕಿ ನೋಡಿರಿ. ಬೆರಳು ಜಿಡ್ಡಾಗುತ್ತದೆ. ಎತ್ತಿನ ಗಾಣದ ಹಿಂಡಿಯಲ್ಲಿ ನೂರಕ್ಕೆ ಹತ್ತು ಪಾಲಿಗೂ ಮಿಕ್ಕಿ ಎಣ್ಣೆ ಉಳಿಯುವುದುಂಟು. ಎಕ್ಸ್‌ಪೆಲರ್ ಯಂತ್ರದ ಹಿಂಡಿಯಲ್ಲಿ ಸಾಮಾನ್ಯವಾಗಿ 6ರಿಂದ 8 ಪಾಲು ಇರುತ್ತದೆ. ಅಂದರೆ 100 ಕಿಲೋ ಹಿಂಡಿಯನ್ನು ಮಾರಿದವನು ಸುಮಾರು 7 ಕಿಲೋ ಎಣ್ಣೆಯನ್ನು ಹಿಂಡಿಯ ದರದಲ್ಲಿಯೇ ತೂಗಿ ಕೊಟ್ಟಂತಾಯಿತು. ಈ ಎಣ್ಣೆಯನ್ನು ಗ್ಯಾಸಿನ ಒತ್ತಡದಿಂದ ತೆಗೆಯಲು ಬರುತ್ತದೆಂಬ ಮಾತು ಕಿವಿಗೆ ಬಿದ್ದರೆ, ಗಾಣ ಹಾಕಿಕೊಂಡ ನಮ್ಮ ತರುಣರಿಗೆ ಆಸೆ ಹುಟ್ಟುವುದು ಸಹಜ. ಮಾತು ಸುಳ್ಳಲ್ಲ. ಆದರೆ ಸಂಘದ ಹೆಸರಿನಲ್ಲಿ ಸಾಲ ತೆಗೆಯುವ ಮೊದಲು ಅದರ ಒಳಗುಟ್ಟನ್ನು ತಿಳಿದಿರಬೇಕು.

ದೊಡ್ಡ ಕಾರಖಾನೆಗಳು ಈ ಎಣ್ಣೆಯನ್ನು ಎಂದೋ ಬಿಡದೆ ತೆಗೆಯುತ್ತ ಬಂದಿವೆ. ಹೆಕ್ಸೇನ್ ಎಂಬ ಪೆಟ್ರೋಲ್ ಜಾತಿಯ ದ್ರವದಲ್ಲಿ ಹಿಂಡಿಯನ್ನು ತೊಳೆಯುತ್ತಾರೆ. ಎಣ್ಣೆ ಅದರಲ್ಲಿ ಕರಗಿ ಇಳಿಯುತ್ತದೆ. ಆಮೇಲೆ ಕಾಯಿಸಿದರೆ ಹೆಕ್ಸೇನ್ ಸುಮಾರು 69 ಡಿಗ್ರಿ ಸೆಂಟಿಗ್ರೇಡಿಗೆ ಕುದಿದು ಆವಿಯಾಗಿ ಹೋಗುತ್ತದೆ, ಎಣ್ಣೆ ಹಿಂದೆ ಉಳಿಯುತ್ತದೆ. ಆವಿಯನ್ನು ತಂಪು ಮಾಡಿ ಮತ್ತೆ ಬಳಸುತ್ತಾರೆ. ಹಿಂಡಿಯಲ್ಲಿ ಕೊನೆಗೆ ಉಳಿಯುವುದು ಶೇಕಡಾ 1ಕ್ಕಿಂತ ಕಡಿಮೆ ಎಣ್ಣೆ. ಪೇಟೆಯಲ್ಲಿ ಡಿ.ಓ.ಸಿ. ಎಂದು ಮಾರುವ ಒಣ ಹಿಂಡಿ ಇದೇ. ಕೆಲಸ ಅಗ್ಗ, ಆದರೆ ಆ ಆವಿಗೆ ಒಂದು ಕಿಡಿ ತಗಲಿದರೆ ಕಾರಖಾನೆಯೇ ಸಿಡಿದೀತು.

ಹೆಕ್ಸೇನಿನ ಬದಲು ಶಾಸ್ತ್ರಜ್ಞರು ಹಿಡಿದದ್ದು ಇಂಗಾಲಾಮ್ಲ ವಾಯುವನ್ನು, ಅಂದರೆ ಕಾರ್ಬನ್ ಡಯಾಕ್ಸೈಡನ್ನು. ಇದು ನಮಗೆ ಹೊಸದೇನಲ್ಲ. ಜೋಳದ ಹಗೇವು ತೆರೆದ ಕೂಡಲೆ ಒಳಗೆ ಇಳಿಯಬಾರದು ಎಂದು ಹಿರಿಯರು ಹೇಳುತ್ತಿದ್ದುದು ಈ ವಾಯುವಿನ ಸಲುವಾಗಿಯೇ. ಕಾಳು ಉಸಿರಾಡಿ ಬಿಟ್ಟ ಇದೇ ಗಾಳಿ ತಳದಲ್ಲಿ ತುಂಬಿಕೊಂಡಿರುತ್ತದೆ. ಇದು ಉರಿಯುವುದಿಲ್ಲ, ಅದೇ ಇದರ ದೊಡ್ಡ ಗುಣ.

ಯಾವ ಗ್ಯಾಸನ್ನಾದರೂ ಒತ್ತಿದರೆ ದ್ರವವಾದೀತು ಎಂದು ಹಿಂದೆ ತಿಳಿದಿದ್ದರು. ಐರ್ಲೆಂಡಿನ ಥಾಮಸ್ ಆಂಡ್ರೂಸ್ 1869ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿಕೊಟ್ಟನು. ಇಂಗಾಲಾಮ್ಲ ವಾಯು ಸುಮಾರು 31 ಡಿಗ್ರಿಗಿಂತ ಬಿಸಿಯಿದ್ದರೆ ಎಷ್ಟು ಒತ್ತಿದರೂ ದ್ರವವಾಗದು. ಆ ಬಿಸಿಯ ಮೇಲೆ, 73 ವಾತಾವರಣದಷ್ಟು ಒತ್ತಡವನ್ನು ದಾಟಿದರೆ, ಅದು ಗ್ಯಾಸೂ ಅಲ್ಲದ ನೀರೂ ಅಲ್ಲದ ನಡುವಿನ ಸ್ಥಿತಿಗೆ ಬರುತ್ತದೆ. ಸೊಲ್ಲಾಪುರದ ವೈಶಾಖದ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಹಾಗಾಗಿ ಬಿಸಿಯ ಕೊರತೆ ನಮಗಿಲ್ಲ, ಕೊರತೆಯೇನಿದ್ದರೂ ಒತ್ತಡದ್ದು. ಆ ಸ್ಥಿತಿಯಲ್ಲಿ ವಾಯುವು ದ್ರವದಂತೆ ದಟ್ಟವಾಗಿ ಎಣ್ಣೆಯನ್ನು ಕರಗಿಸುತ್ತದೆ, ಗಾಳಿಯಂತೆ ಹಿಂಡಿಯ ಸಂದುಸಂದಿಗೂ ನುಗ್ಗುತ್ತದೆ.

ಎಣ್ಣೆ ತೆಗೆಯಲು 73 ಸಾಲದು, ಸುಮಾರು 300 ವಾತಾವರಣ ಬೇಕು. ದಪ್ಪ ಉಕ್ಕಿನ ಕೊಳವೆಯಲ್ಲಿ ಹಿಂಡಿಯನ್ನು ತುಂಬಿ, ಈ ಒತ್ತಡದ ವಾಯುವನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸುತ್ತಾರೆ. ಎಣ್ಣೆ ಹೊತ್ತ ವಾಯು ಮುಂದಿನ ಪಾತ್ರೆಗೆ ಹೋದಾಗ ಒತ್ತಡವನ್ನು ಇಳಿಸುತ್ತಾರೆ. ಒತ್ತಡ ಇಳಿದೊಡನೆ ಅದರ ಕರಗಿಸುವ ಶಕ್ತಿ ಹೋಗಿ ಎಣ್ಣೆ ತಳಕ್ಕೆ ಬೀಳುತ್ತದೆ. ವಾಯುವನ್ನು ಮತ್ತೆ ಒತ್ತಿ ಅದೇ ಕೆಲಸಕ್ಕೆ ಹಚ್ಚುತ್ತಾರೆ. ಅಮೇರಿಕೆಯ ಪಿಯೋರಿಯಾದ ಸರಕಾರಿ ಕೃಷಿ ಸಂಶೋಧನಾಲಯದವರು ಸೋಯಾ ಎಣ್ಣೆಯನ್ನು ಹೀಗೆ ತೆಗೆದು 1982ರಲ್ಲಿ ವರದಿ ಮಾಡಿದರು. ಎಣ್ಣೆಯ ಬಣ್ಣ ತಿಳಿಯಾಗಿತ್ತು, ಅಂಟು ಬಹಳ ಕಡಿಮೆಯಿತ್ತು. ಆದರೆ ಅಂಟಿನ ಜೊತೆಗೆ ಎಣ್ಣೆಯನ್ನು ಕೆಡದಂತೆ ಕಾಯುವ ಲೆಸಿಥಿನ್ ಸಹ ಹಿಂಡಿಯಲ್ಲಿಯೇ ಉಳಿಯುತ್ತದೆ. ಹೀಗಾಗಿ ಇಂಥ ಎಣ್ಣೆ ಕೆಲವೊಮ್ಮೆ ಬೇಗ ಕಮಟಾಗುತ್ತದೆ. ಯಂತ್ರ ಮಾರುವವರು ಇದನ್ನು ಹೇಳಲಿಕ್ಕಿಲ್ಲ.

ಇನ್ನು ಲೆಕ್ಕ ನೋಡೋಣ. ಲಾರಿಯ ಗಾಲಿಯಲ್ಲಿ ಇರುವುದು ಸುಮಾರು 8 ವಾತಾವರಣದ ಒತ್ತಡ. 300 ವಾತಾವರಣವೆಂದರೆ ಪ್ರತಿ ಚದರ ಸೆಂಟಿಮೀಟರಿಗೆ 300 ಕಿಲೋಗಿಂತ ಹೆಚ್ಚಿನ ಭಾರ. ಒಂದು ಅಡಿ ಅಗಲದ ದುಂಡು ಮುಚ್ಚಳದ ಮೇಲೆ ಇದು 2 ಲಕ್ಷ ಕಿಲೋಗೂ ಮಿಕ್ಕುತ್ತದೆ, ಅಂದರೆ 10 ಟನ್ನಿನ 20 ಲಾರಿಗಳು! ಹಿಂಡಿಯನ್ನು ಬದಲಿಸುವಾಗಲೆಲ್ಲ ಅಂಥ ಮುಚ್ಚಳವನ್ನು ತೆಗೆದು ಹಾಕಬೇಕು. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗುವ ಕೆಲಸ ಇದಲ್ಲ. ಮೇಲಾಗಿ ಈ ಒತ್ತಡದಲ್ಲಿ 1 ಕಿಲೋ ಎಣ್ಣೆ ಕರಗಲು ಸುಮಾರು 100 ಕಿಲೋ ವಾಯು ಹಾಯಬೇಕು. 100 ಕಿಲೋ ಹಿಂಡಿಯಿಂದ ಸಿಗುವ ಆರೇಳು ಕಿಲೋ ಎಣ್ಣೆಗಾಗಿ ಆರೇಳು ನೂರು ಕಿಲೋ ವಾಯುವನ್ನು ಪಂಪಿನಿಂದ ತಿರುಗಿಸುತ್ತಿರಬೇಕು. ವಿದ್ಯುತ್ ಬಿಲ್ಲು, ಯಂತ್ರದ ಬಡ್ಡಿ, ಕಲಿತ ಕೆಲಸಗಾರನ ಸಂಬಳ ಎಲ್ಲವೂ ಆ ಆರೇಳು ಕಿಲೋ ಎಣ್ಣೆಯ ಮೇಲೆಯೇ ಬೀಳಬೇಕು. ಶೇಂಗಾ, ಕುಸುಬಿ, ಸೂರ್ಯಪಾನದ ಎಣ್ಣೆಗೆ ಇದು ಎಂದಿಗೂ ಕಟ್ಟುವುದಿಲ್ಲ. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ.

ಇನ್ನೊಂದು ದಾರಿಯೂ ಇದೆ. ಸುಮಾರು 100 ವಾತಾವರಣದ ಇದೇ ವಾಯುವನ್ನು ಕಾಳಿಗೆ ಹಾಯಿಸಿ ಆಮೇಲೆ ಹಿಂಡುವುದು. ವಾಯು ಎಣ್ಣೆಯೊಳಗೆ ಕರಗಿ ಅದನ್ನು ತೆಳ್ಳಗೆ ಮಾಡುತ್ತದೆ, ಎಣ್ಣೆ ಹೆಚ್ಚು ಹರಿಯುತ್ತದೆ. ನೆದರ್ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು 2008ರ ಸುಮಾರಿಗೆ ಎಳ್ಳು, ಅಗಸಿಗಳ ಮೇಲೆ ಇದನ್ನು ಮಾಡಿ ತೋರಿಸಿದರು. ಅದೂ ಹಳ್ಳಿಯ ಗಾತ್ರಕ್ಕೆ ಇಳಿಯುವ ಯಂತ್ರವಲ್ಲ. ಅಡಿಗೆ ಗ್ಯಾಸಿನ ಜಾತಿಯ ಪ್ರೋಪೇನ್, ಬ್ಯುಟೇನ್‌ಗಳು ಕಡಿಮೆ ಒತ್ತಡದಲ್ಲಿಯೇ ಎಣ್ಣೆ ಕರಗಿಸುತ್ತವೆಂಬುದೂ ನಿಜ. ಆದರೆ ಸಿಲಿಂಡರು, ನಳಿಗೆ ಜೋಡಿಸಿ ಯಾರೂ ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೋಗಬಾರದು. ಆ ಗ್ಯಾಸು ಗಾಳಿಗಿಂತ ಭಾರವಾದದ್ದು, ನೆಲದ ಮೇಲೆ ಹರಡಿಕೊಂಡು ಒಲೆಯ ತನಕ ತಾನೇ ಹೋಗುತ್ತದೆ.

ಹಿಂಡಿಯಲ್ಲಿ ಉಳಿದ ಎಣ್ಣೆ ಹಾಳಾಯಿತೆಂದು ತಿಳಿಯುವುದೂ ಸರಿಯಲ್ಲ. ಎಮ್ಮೆಯ ಹೊಟ್ಟೆಗೆ ಹೋದ ಎಣ್ಣೆಯು ಅದೇ ತೂಕದ ಹಿಟ್ಟಿನ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಕೊಡುತ್ತದೆ. ಗಾಣದ ಹಿಂಡಿ ಬಿಟ್ಟು ಡಿ.ಓ.ಸಿ. ಹಾಕತೊಡಗಿದವರು ಆ ಕೊರತೆಯನ್ನು ಕಾಳಿನಿಂದಲೋ ಇನ್ನೊಂದರಿಂದಲೋ ತುಂಬಿಕೊಡಬೇಕು. ಬೂಸು ಹಿಡಿದ ಶೇಂಗಾದಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಎಣ್ಣೆಗಿಂತ ಹಿಂಡಿಯಲ್ಲಿಯೇ ಹೆಚ್ಚು ಉಳಿದು, ದನ ತಿಂದರೆ ಹಾಲಿಗೂ ಬರುತ್ತದೆ. ಎಣ್ಣೆ ತೆಗೆದ ಮಾತ್ರಕ್ಕೆ ಹಿಂಡಿ ಶುದ್ಧವಾಯಿತೆಂದು ನಂಬಬಾರದು. ಗಾಣದವರು ಎಣ್ಣೆ ಹೆಚ್ಚಿಸಬೇಕಾದರೆ ಮೊದಲು ಹಿಂಡಿಯ ನಮೂನೆಯನ್ನು ಪ್ರಯೋಗಶಾಲೆಗೆ ಕಳಿಸಿ ಎಣ್ಣೆಯ ಅಂಶ ತಿಳಿಯಲಿ. 8ಕ್ಕಿಂತ ಮೇಲಿದ್ದರೆ ಕಾಳಿನ ಹಸಿಯನ್ನೂ, ಎಕ್ಸ್‌ಪೆಲರಿನ ಒಳಗಿನ ತಿರುಪು ಸವೆದಿದೆಯೋ ಎಂಬುದನ್ನೂ ನೋಡಲಿ. ಈ ರಿಪೇರಿಯ ಖರ್ಚು ಬೇಗ ಮರಳುತ್ತದೆ.

ಒತ್ತಡದ ಗ್ಯಾಸಿನ ವಿದ್ಯೆ ಹೊಟ್ಟೆ ಹೊರೆದದ್ದು ತುಟ್ಟಿಯ ಮಾಲಿನ ಮೇಲೆ. ಜರ್ಮನಿಯ ಕುರ್ಟ್ ಝೋಸೆಲ್ 1960ರ ದಶಕದಲ್ಲಿ ಇದರಿಂದ ಕಾಫಿ ಬೀಜದ ಕೆಫೀನ್ ತೆಗೆಯುವ ಬಗೆ ಕಂಡನು. ಈಗ ಮೆಣಸು, ಶುಂಠಿ, ಏಲಕ್ಕಿಗಳ ಸಾರವನ್ನೂ ಹೀಗೆ ತೆಗೆಯುತ್ತಾರೆ. ನಮ್ಮ ಭಾಗಕ್ಕೆ ಹತ್ತಿರದ್ದೆಂದರೆ ದಾಳಿಂಬೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರವು 2005ರಿಂದ ಸೊಲ್ಲಾಪುರದಲ್ಲಿಯೇ ಇದೆ. ರಸ ತೆಗೆದ ಮೇಲೆ ಉಳಿಯುವ ಬೀಜ ಒಣಗಿದಾಗ, ತಳಿಗೆ ತಕ್ಕಂತೆ, ಅದರಲ್ಲಿ ಶೇಕಡಾ 12ರಿಂದ 20ರಷ್ಟು ಎಣ್ಣೆ ಇರುತ್ತದೆ. ಅದು ಒಗ್ಗರಣೆಯ ಎಣ್ಣೆಯಲ್ಲ, ಮುಖಕ್ಕೆ ಹಚ್ಚುವ ಸಾಮಾನುಗಳಲ್ಲಿ ಸೇರುವಂಥದು, ಬೆಲೆಯೂ ಬೇರೆಯೇ. ಗ್ಯಾಸಿನ ಯಂತ್ರ ಇಟ್ಟವರಿಗೆ ಬೀಜ ಒದಗಿಸುವುದಾದರೆ ನಮ್ಮ ಸಂಘಗಳಿಂದ ಆದೀತು. ಆದರೆ ರಸ ತೆಗೆದ ದಿನವೇ ಬೀಜವನ್ನು ತೊಳೆದು, ಅಂಟಿದ ತಿರುಳನ್ನು ಬಿಡಿಸಿ, ನೆರಳಿನಲ್ಲಿ ತೆಳ್ಳಗೆ ಹರವಿ ಒಣಗಿಸಬೇಕು. ಹಸಿ ಬೀಜ ರಾಶಿಯಲ್ಲಿ ಒಂದು ರಾತ್ರಿ ಬಿದ್ದರೆ ಹುಳಿ ಬಂದು ಕಾಯುತ್ತದೆ, ಎಣ್ಣೆ ಕಮಟಾಗುತ್ತದೆ, ಕೊಳ್ಳುವವನು ಗೋಣಿಯ ಬಾಯಿ ಬಿಚ್ಚಿದೊಡನೆ ವಾಸನೆ ಹಿಡಿಯುತ್ತಾನೆ.