ಕುರಿದ್ವೀಪಗಳ ಕಾಲ್ಚೆಂಡು

ಯೂರೋಪಿನ ಭೂಪಟವನ್ನು ಬಿಡಿಸಿಟ್ಟುಕೊಂಡು ಸ್ಕಾಟ್ಲೆಂಡಿನಿಂದ ಐಸ್‌ಲೆಂಡಿನ ಕಡೆಗೆ ಬೆರಳು ಸರಿಸಿದರೆ, ಸುಮಾರು ನಡುದಾರಿಯಲ್ಲಿ, ಅಟ್ಲಾಂಟಿಕ್ ಸಾಗರದ ಮಧ್ಯದಲ್ಲಿ, ಅಚ್ಚಿನ ಮಸಿ ಸಿಡಿದಂತೆ ತೋರುವ ಕೆಲವು ಚುಕ್ಕೆಗಳು ಕಾಣುತ್ತವೆ. ಅವೇ ಫರೋ ದ್ವೀಪಗಳು. ಸಂಖ್ಯೆಯಲ್ಲಿ 18, ಒಟ್ಟು ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರು, ಜನಸಂಖ್ಯೆ ಇಂದಿಗೂ 55,000ದ ಆಸುಪಾಸು. ನಮ್ಮ ಒಂದು ತಾಲ್ಲೂಕಿನ ಊರಿನಲ್ಲಿ ಈ ಜನರೆಲ್ಲರೂ ನೆಲೆಸಬಹುದು. ಹೆಸರಿಗೆ ಕುರಿಗಳ ದ್ವೀಪಗಳೆಂದು ಅರ್ಥ ಹೇಳುವುದು ವಾಡಿಕೆ. ಮರಗಳು ವಿರಳ, ಗಾಳಿ, ಮಳೆ, ಮಂಜು ಧಾರಾಳ. ಮೀನೇ ಬದುಕು.

ಈ ದ್ವೀಪಗಳ ಫುಟ್‌ಬಾಲ್ ತಂಡದ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಆಟಗಾರನಲ್ಲ, ಆಟದ ಪಂಡಿತನಂತೂ ಅಲ್ಲ. ಈ ನಾಡಿನತ್ತ ನನ್ನ ಗಮನ ಹರಿದದ್ದು ಅದರ ಸಾಹಿತಿಗಳಿಂದ. ವಿಲಿಯಂ ಹೈನೆಸೆನ್, ಹೇಯಿನ್ ಬ್ರೂ ಇಬ್ಬರೂ ಇಪ್ಪತ್ತನೆಯ ಶತಮಾನದವರು, ಇಬ್ಬರೂ ಈ ದ್ವೀಪಗಳಲ್ಲೇ ಹುಟ್ಟಿದವರು. ಹೈನೆಸೆನ್ ಬರೆದದ್ದು ಡೇನಿಷ್ ಭಾಷೆಯಲ್ಲಿ. ಬ್ರೂ ಬರೆದದ್ದು ಫರೋ ಭಾಷೆಯಲ್ಲಿ. ಹಿಡಿಯಷ್ಟು ಜನರ ನಾಡಿನಲ್ಲಿ ಸಾಹಿತ್ಯ ಎರಡು ಭಾಷೆಗಳಲ್ಲಿ ಹೀಗೆ ಹರಿಯಲು ಕಾರಣವೇನು? ಅದನ್ನು ಅರಿಯದೆ ಅವರ ಕಾಲ್ಚೆಂಡಿನ ಕಥೆ ಅರ್ಥವಾಗದು.

ಈ ದ್ವೀಪಗಳು ಶತಮಾನಗಳಿಂದ ಡೆನ್ಮಾರ್ಕಿನ ರಾಜಸತ್ತೆಗೆ ಸೇರಿದವು. ಚರ್ಚು, ನ್ಯಾಯಾಲಯ, ಶಾಲೆ, ಎಲ್ಲೆಡೆಯೂ ಡೇನಿಷ್ ಭಾಷೆಯೇ. ಜನರ ನುಡಿ ಉಳಿದದ್ದು ಬಾಯಲ್ಲಿ ಮಾತ್ರ; ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಕೈಕೈ ಹಿಡಿದು ಸುತ್ತುಗಟ್ಟಿ, ಹೆಜ್ಜೆ ಹಾಕುತ್ತ ಹಾಡುವ ಲಾವಣಿಗಳಲ್ಲಿ. 1846ರಲ್ಲಿ ಹ್ಯಾಮರ್ಸ್‌ಹೈಂಬ್ ಎಂಬ ಪಾದ್ರಿ ಆ ನುಡಿಗೆ ಒಂದು ಬರವಣಿಗೆಯ ಕ್ರಮವನ್ನು ರೂಪಿಸಿದನು. ಶಾಲೆಯಲ್ಲಿ ಅದಕ್ಕೆ ಡೇನಿಷ್ ಜೊತೆ ಸಮಸ್ಥಾನ ದೊರೆತದ್ದು 1938ರಲ್ಲಿ. ಧ್ವಜದ ಕಥೆಯೂ ಇಂಥದೇ. 1919ರಲ್ಲಿ ಕೋಪನ್‌ಹೇಗನ್ನಿನಲ್ಲಿ ಓದುತ್ತಿದ್ದ ಫರೋ ವಿದ್ಯಾರ್ಥಿಗಳು ಅದನ್ನು ರಚಿಸಿದರು. ಅದನ್ನು ಮೊದಲು ಮನ್ನಿಸಿದ್ದು ಮಾತ್ರ ಡೆನ್ಮಾರ್ಕ್ ಅಲ್ಲ, ಬ್ರಿಟನ್. 1940ರ ಏಪ್ರಿಲಿನಲ್ಲಿ ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿತು. ಬ್ರಿಟಿಷ್ ಸೈನ್ಯ ಈ ದ್ವೀಪಗಳಿಗೆ ಬಂದಿಳಿಯಿತು. ಡೇನಿಷ್ ಬಾವುಟ ಹೊತ್ತ ಹಡಗು ಶತ್ರುವಿನದೆಂದು ಎಣಿಕೆಯಾಗುವ ಅಪಾಯವಿದ್ದುದರಿಂದ, ಫರೋ ಹಡಗುಗಳು ತಮ್ಮದೇ ಬಾವುಟ ಹಾರಿಸಲು ಅಪ್ಪಣೆಯಾಯಿತು. ಯುದ್ಧಾನಂತರ, 1948ರಲ್ಲಿ, ಒಳಾಡಳಿತದ ಅಧಿಕಾರ ಬಂದಿತು. ಸ್ವಾತಂತ್ರ್ಯ ಬರಲಿಲ್ಲ.

ಆಟ ಇವೆಲ್ಲಕ್ಕೂ ಜೊತೆಯಾಗಿಯೇ ನಡೆದು ಬಂದಿದೆ. ಟ್ವೋರೈರಿ ಎಂಬ ಊರಿನಲ್ಲಿ ಮೊದಲ ಕ್ಲಬ್ ಹುಟ್ಟಿದ್ದು 1892ರಲ್ಲಿ. ಲೀಗ್ ಪಂದ್ಯಾವಳಿ ಆರಂಭವಾದದ್ದು 1942ರಲ್ಲಿ, ಯುದ್ಧದ ನಡುವೆ. 1944ರಲ್ಲಿ ಅದು ನಡೆಯಲಿಲ್ಲ. ಕಾರಣ ಬಾಂಬಲ್ಲ, ಬರವಲ್ಲ. ಆಡಲು ಚೆಂಡುಗಳೇ ಇರಲಿಲ್ಲ! ಹಡಗು ತಂದರೆ ಉಂಟು, ಇಲ್ಲವಾದರೆ ಇಲ್ಲ ಎಂಬ ದ್ವೀಪಜೀವನದ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಸಂಗತಿಯನ್ನು ನಾನು ಕಾಣೆ.

ರಾಷ್ಟ್ರವಲ್ಲದ ನಾಡಿಗೆ ರಾಷ್ಟ್ರೀಯ ತಂಡ ಹೇಗೆ ಬಂದಿತು? ವಿಶ್ವಸಂಸ್ಥೆಯಲ್ಲಿ ಫರೋದವರಿಗೆ ಪೀಠವಿಲ್ಲ. ಒಲಿಂಪಿಕ್ಸ್‌ಗೆ ಹೋಗುವ ಅವರ ಕ್ರೀಡಾಪಟು ಡೆನ್ಮಾರ್ಕಿನ ಬಾವುಟದಡಿ ನಿಲ್ಲಬೇಕು. ಫುಟ್‌ಬಾಲ್ ಮಾತ್ರ ಬೇರೆ ದಾರಿ ಹಿಡಿದಿತ್ತು. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳು ಒಂದೇ ಪ್ರಭುತ್ವದೊಳಗಿದ್ದೂ ನಾಲ್ಕು ತಂಡಗಳಾಗಿ ಆಡುವ ಸಂಪ್ರದಾಯ ಅಲ್ಲಿ ಹಳೆಯದು. ಆ ಸಂದಿನಲ್ಲಿ ಫರೋದವರೂ ನುಸುಳಿದರು. 1988ರಲ್ಲಿ ಅವರು ವಿಶ್ವಸಂಘಟನೆಯಾದ ಫಿಫಾದ ಸದಸ್ಯರಾದರು. ಅದೇ ಆಗಸ್ಟಿನಲ್ಲಿ ಐಸ್‌ಲೆಂಡಿನ ಅಕ್ರಾನೆಸ್ ಊರಿನಲ್ಲಿ ಮೊದಲ ಅಧಿಕೃತ ಪಂದ್ಯವಾಡಿ 1-0 ಅಂತರದಲ್ಲಿ ಸೋತರು. 1990ರಲ್ಲಿ ಯೂರೋಪಿನ ಸಂಘಟನೆಯೂ ಬಾಗಿಲು ತೆರೆಯಿತು.

ಬಾಗಿಲು ತೆರೆದರೂ ಅಂಗಳವಿರಲಿಲ್ಲ. ಬಂಡೆಯೇ ನೆಲವಾದ ನಾಡಿನಲ್ಲಿ ಹುಲ್ಲಿನ ಮೈದಾನ ಬೆಳೆಸುವುದು ಕಷ್ಟ. ಕೃತಕ ಹಾಸಿನ ಮೇಲೆ ಆಡಿ ಅಭ್ಯಾಸವಾದವರು ಅವರು. ಸಂಘಟನೆಯ ನಿಯಮವೋ ನಿಜವಾದ ಹುಲ್ಲೇ ಬೇಕೆನ್ನುತ್ತಿತ್ತು. ಹಾಗಾಗಿ ತಮ್ಮ ಚರಿತ್ರೆಯ ಮೊದಲ ಸ್ಪರ್ಧಾತ್ಮಕ ಪಂದ್ಯವನ್ನು, ಅದೂ ‘ತವರಿನ’ ಪಂದ್ಯವನ್ನು, ಅವರು ದಕ್ಷಿಣ ಸ್ವೀಡನ್ನಿನ ಲಾಂಡ್ಸ್‌ಕ್ರೂನಾ ಎಂಬ ಪಟ್ಟಣದಲ್ಲಿ ಆಡಬೇಕಾಯಿತು. ದಿನಾಂಕ 1990ರ ಸೆಪ್ಟೆಂಬರ್ 12. ಎದುರಾಳಿ ಆಸ್ಟ್ರಿಯಾ.

ಆಸ್ಟ್ರಿಯಾ ಸಾಮಾನ್ಯ ತಂಡವಲ್ಲ. 1930ರ ದಶಕದಲ್ಲಿ ‘ಅದ್ಭುತ ತಂಡ’ವೆಂಬ ಬಿರುದು ಪಡೆದಿದ್ದ ನಾಡು ಅದು; ಅದೇ ಬೇಸಿಗೆಯಲ್ಲಿ ಇಟಲಿಯ ವಿಶ್ವಕಪ್‌ನಲ್ಲಿ ಆಡಿ ಬಂದಿತ್ತು. ಗೆಲುವು ಯಾರದೆಂಬ ಪ್ರಶ್ನೆ ಯಾರಿಗೂ ಇರಲಿಲ್ಲ. ಎಷ್ಟು ಗೋಲುಗಳೆಂಬುದೇ ಪ್ರಶ್ನೆ. ಫರೋ ತಂಡದಲ್ಲಿದ್ದವರು ಹೊಟ್ಟೆಪಾಡಿಗೆ ಬೇರೆ ಬೇರೆ ಕೆಲಸ ಮಾಡಿ ಸಂಜೆಗೆ ಚೆಂಡು ಒದೆಯುವವರು. ಗೋಲ್‌ಕೀಪರ್ ಯೆನ್ಸ್ ಮಾರ್ಟಿನ್ ಕ್ನುಡ್ಸೆನ್ ಮೀನಿನ ಕಾರ್ಖಾನೆಯಲ್ಲಿ ಸರಕು ಎತ್ತುವ ಗಾಡಿಯ ಚಾಲಕ. ಎಳವೆಯಲ್ಲಿ ತಲೆಗೆ ಪೆಟ್ಟಾಗಿದ್ದರಿಂದ ಅವನು ಕುಚ್ಚಿರುವ ಬಿಳಿಯ ಉಣ್ಣೆಯ ಟೊಪ್ಪಿಗೆ ತೊಟ್ಟು ಆಡುತ್ತಿದ್ದ. ನೋಡಿದವರಿಗೆ ನಗು ಬಂದಿರಬೇಕು. ಪಂದ್ಯದ ದ್ವಿತೀಯಾರ್ಧದಲ್ಲಿ ಟೋರ್ಕಿಲ್ ನೀಲ್ಸೆನ್ ಚೆಂಡನ್ನು ಹೊತ್ತು ಆಸ್ಟ್ರಿಯದ ರಕ್ಷಕರ ನಡುವೆ ನುಗ್ಗಿ ಗೋಲು ಹೊಡೆದ. ಈತ ಮರದ ವ್ಯಾಪಾರದಲ್ಲಿದ್ದವನು. ಚದುರಂಗದಲ್ಲೂ ಪಳಗಿದ ಕೈ. ಉಳಿದ ಅರ್ಧ ತಾಸು ಆಸ್ಟ್ರಿಯದವರು ಮುತ್ತಿಗೆ ಹಾಕಿದರು, ಟೊಪ್ಪಿಗೆಯವನು ಬಗ್ಗಲಿಲ್ಲ. ಸೀಟಿ ಊದಿದಾಗ ಅಂಕ 1-0. ಕಣ್ಣಾರೆ ಕಂಡವರು ಸಾವಿರದ ಚಿಲ್ಲರೆ ಮಂದಿ ಮಾತ್ರ. ಆಸ್ಟ್ರಿಯದ ತರಬೇತುದಾರ ಹಿಕರ್ಸ್‌ಬರ್ಗರ್ ಹುದ್ದೆ ಬಿಟ್ಟರು.

ಪತ್ರಿಕೆಗಳು ಪವಾಡವೆಂದವು. ನನಗೆ ಆ ಶಬ್ದ ಒಪ್ಪಿಗೆಯಿಲ್ಲ. ಒಂದು ನೂರು ವರ್ಷದಿಂದ ಆಡುತ್ತಿದ್ದ ಜನ ಅವರು. ಹೆಸರು ಹಿಡಿದು ಕರೆಯುವವರು ಇರಲಿಲ್ಲ, ಅಷ್ಟೆ. ಮರುತಿಂಗಳು ಕೋಪನ್‌ಹೇಗನ್ನಿನಲ್ಲಿ ಡೆನ್ಮಾರ್ಕಿನ ಎದುರು, ಅಂದರೆ ತಮ್ಮದೇ ಪ್ರಭುತ್ವದ ಎದುರು, ತಮ್ಮ ಬಾವುಟದಡಿ ನಿಂತು ಆಡಿ 4-1ರಲ್ಲಿ ಸೋತರು. ಲಾಂಡ್ಸ್‌ಕ್ರೂನಾದ ಗೆಲುವಿಗಿಂತ ಆ ಸೋಲು ನನಗೆ ಹೆಚ್ಚು ಅರ್ಥವುಳ್ಳದ್ದಾಗಿ ತೋರುತ್ತದೆ. ಆ ಸುತ್ತು ಮುಗಿದಾಗ ಫರೋದವರ ಅಂಕ 3; ಆಸ್ಟ್ರಿಯದ ಅಂಕವೂ 3!

ಅನಂತರದ್ದು ಇಳಿತದ ಕಾಲ. 1994ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಹತ್ತು ಪಂದ್ಯಗಳಲ್ಲಿ ಹತ್ತನ್ನೂ ಸೋತರು. ಹೊಡೆದದ್ದು ಒಂದು ಗೋಲು, ಹೊಡೆಸಿಕೊಂಡದ್ದು 38. ಇಂಥ ಸಣ್ಣ ನಾಡುಗಳು ದೊಡ್ಡವರ ಸಮಯ ಹಾಳುಮಾಡುತ್ತವೆ, ಇವರಿಗೆ ಬೇರೆಯೇ ಪಂಕ್ತಿ ಹಾಕಬೇಕು ಎಂಬ ಮಾತು ಯೂರೋಪಿನಲ್ಲಿ ಮತ್ತೆ ಮತ್ತೆ ಏಳುತ್ತದೆ. ಪಂಕ್ತಿಭೇದದ ಈ ವಾದ ಮೇಲುನೋಟಕ್ಕೆ ಸಮಂಜಸವಾಗಿಯೇ ಕಾಣುತ್ತದೆ. ಆದರೆ ಬಲ್ಲವರೊಡನೆ ಆಡದೆ ಆಟ ಕಲಿಯುವ ಬಗೆಯನ್ನು ವಾದಿಸುವವರು ಹೇಳುವುದಿಲ್ಲ.

ಫರೋದವರು ಕಲಿತರು. ಟೋಫ್ಟಿರ್ ಎಂಬ ಹಳ್ಳಿಯ ಮೇಲಿನ ಬೆಟ್ಟದ ಬಂಡೆಯನ್ನು ಕಡಿದು 1991ರಲ್ಲಿ ಹುಲ್ಲಿನ ಮೈದಾನ ಮಾಡಿದರು. 2002ರಲ್ಲಿ ಅಲ್ಲಿಗೆ ಬಂದ ಸ್ಕಾಟ್ಲೆಂಡಿನ ಮೇಲೆ ಮೊದಲ ಹನ್ನೆರಡು ನಿಮಿಷಗಳಲ್ಲೇ ಜಾನ್ ಪೀಟರ್ಸನ್ ಎರಡು ಗೋಲು ಹೊಡೆದ; ಪಂದ್ಯ 2-2ರಲ್ಲಿ ಮುಗಿಯಿತು. ಅಷ್ಟರಲ್ಲಿ ನಿಯಮವೇ ಬದಲಾಯಿತು. ಯಾವ ಕೃತಕ ಹಾಸಿನ ದೆಸೆಯಿಂದ ಅವರು ಪರದೇಶದಲ್ಲಿ ತವರು ಹುಡುಕಬೇಕಾಯಿತೋ ಅದೇ ಹಾಸಿಗೆ ಈ ಶತಮಾನದ ಮೊದಲ ದಶಕದಲ್ಲಿ ಮನ್ನಣೆ ದೊರೆಯಿತು. ಮಳೆಗಾಳಿಗೆ ಕೆಡದ ಆ ನೆಲದ ಮೇಲೆ ಹಳ್ಳಿಯ ಮಕ್ಕಳು ವರ್ಷವಿಡೀ ಆಡಿ ಬೆಳೆದರು. ಕೆಲವರು ವೃತ್ತಿಪರರಾಗಿ ಹೊರನಾಡಿಗೆ ಹೋದರು. ಯೋಆನ್ ಸೀಮುನ್ ಎಡ್ಮುಂಡ್ಸನ್ ಜರ್ಮನಿಯ ಮೇಲ್ದರ್ಜೆಯ ಲೀಗಿನಲ್ಲಿ ಆಡಿದ ಮೊದಲ ಫರೋ ಆಟಗಾರ.

2014ರ ನವೆಂಬರಿನಲ್ಲಿ ಗ್ರೀಸನ್ನು ಅದರ ನೆಲದಲ್ಲೇ 1-0ರಿಂದ ಸೋಲಿಸಿದ ಗೋಲು ಇದೇ ಎಡ್ಮುಂಡ್ಸನ್ನನದು. ಗ್ರೀಸಿನ ತರಬೇತುದಾರ ರಾನಿಯೇರಿ ಮರುದಿನವೇ ಕೆಲಸ ಕಳೆದುಕೊಂಡರು. ಮುಂದಿನ ಜೂನಿನಲ್ಲಿ ಟೋರ್ಸ್‌ಹಾವ್ನ್ ರಾಜಧಾನಿಯಲ್ಲಿ ಗ್ರೀಸ್ ಮತ್ತೆ ಸೋತಿತು, 2-1ರಿಂದ. ಎರಡನೆಯ ಸಲವೂ ಪವಾಡವೆನ್ನುವುದು ಹೇಗೆ? 2022ರಲ್ಲಿ ಟರ್ಕಿ ಅಲ್ಲಿ ಸೋತಿತು. 2025ರ ಅಕ್ಟೋಬರಿನಲ್ಲಿ ಮೊದಲು ಮಾಂಟೆನೀಗ್ರೋ 4-0ರಿಂದ, ಮೂರು ದಿನದ ಬಳಿಕ ಜೆಕ್ ಗಣರಾಜ್ಯ 2-1ರಿಂದ ಸೋತವು. ಜೆಕ್ ತರಬೇತುದಾರ ಹಾಶೆಕ್ ಕೂಡ ಮನೆಗೆ ಹೋದರು. ತರಬೇತುದಾರರ ಪಾಲಿಗೆ ಈ ದ್ವೀಪಗಳು ಶಕುನದಲ್ಲಿ ಒಳ್ಳೆಯವಲ್ಲ.

ಹೀಗೆ 2025ರ ನವೆಂಬರ್ 14ರಂದು ಕ್ರೊಯೇಷಿಯದ ರಿಯೇಕಾ ನಗರಕ್ಕೆ ಫರೋ ತಂಡ ಹೋದಾಗ, ವಿಶ್ವಕಪ್‌ನ ಹಾದಿ ಅವರಿಗೆ ಇನ್ನೂ ಪೂರ್ತಿ ಮುಚ್ಚಿರಲಿಲ್ಲ. ಆ ದಿನದ ಮೊದಲ ಗೋಲು ಅವರದೇ. ಆಮೇಲೆ ಕ್ರೊಯೇಷಿಯ ಮೂರು ಹೊಡೆಯಿತು. ಐದು ತಂಡಗಳ ಗುಂಪಿನಲ್ಲಿ ಫರೋ ದ್ವೀಪಗಳಿಗೆ 12 ಅಂಕ, ಮೂರನೆಯ ಸ್ಥಾನ.