ಬತ್ತಿ ಕೋವಿ ಮತ್ತು ನಮ್ಮ ನೀಲಿ ಲೈಟಿನ ರೋಬೋಟ್

ಕಳೆದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್ ಡೆಮೊಗೆ ನಾವು ಒಂದು ಲೈನ್ ಫಾಲೋವರ್ ರೋಬೋಟ್ ಮಾಡಿದ್ವಿ. ತ್ರೀಡಿ ಪ್ರಿಂಟ್ ಬಾಡಿ, ನೀಲಿ ಎಲ್‌ಇಡಿ, ನೋಡೋಕೆ ಸೂಪರ್. ಸ್ವಿಚ್ ಹಾಕಿದ್ರೆ ಜಾಗ ಬಿಟ್ಟು ಕದಲಲಿಲ್ಲ. ಒಂದು ಜಂಪರ್ ವೈರ್ ಸಡಿಲ ಇತ್ತು, ಅಷ್ಟೇ. ಆ ರಾತ್ರಿ ನನಗೆ ನೆನಪಾಗಿದ್ದು ನಮ್ಮೂರು ಸುರಪುರದ ಬಂದೂಕು. ನಗಬೇಡಿ, ಸಂಬಂಧ ಇದೆ.

1705ರಲ್ಲಿ ಔರಂಗಜೇಬ್ ಸುರಪುರದ ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ. ಅವನು ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಅದು. ಒಳಗಿದ್ದ ಪಿಡ್ಡನಾಯಕನ ಬೇಡ ಪಡೆ ಬಂದೂಕಿನ ಗುರಿಗೆ ಹೆಸರುವಾಸಿ. ಎರಡು ತಿಂಗಳಿಗೂ ಹೆಚ್ಚು ಕಾಲ ತಡೆದು ನಿಂತರು. ಕೊನೆಗೆ ಕೋಟೆ ಸಿಕ್ಕಿತು, ನಾಯಕ ಸಿಗಲಿಲ್ಲ!

ಆ ಕಾಲದಲ್ಲಿ ನಮ್ಮ ಕಡೆ ಎಲ್ಲೆಲ್ಲೂ ಇದ್ದದ್ದು ಮ್ಯಾಚ್‌ಲಾಕ್, ಅಂದರೆ ಬತ್ತಿ ಕೋವಿ. ಕೆಲಸ ಮಾಡೋ ರೀತಿ ತುಂಬಾ ಸರಳ. ನಳಿಗೆಯೊಳಗೆ ಮದ್ದು, ಗುಂಡು. ಪಕ್ಕದಲ್ಲಿ ಸಣ್ಣ ಬಟ್ಟಲು, ಅದರಲ್ಲಿ ಚಿಟಿಕೆ ಮದ್ದು. ಪೆಟ್ಲುಪ್ಪಿನ ನೀರಲ್ಲಿ ಅದ್ದಿ ಒಣಗಿಸಿದ ನೂಲಿನ ಬತ್ತಿ ನಿಧಾನಕ್ಕೆ ಉರೀತಿರುತ್ತೆ. ಕುದುರೆ ಎಳೆದರೆ ಕೊಂಡಿ ಬಾಗಿ ಬತ್ತಿ ಬಟ್ಟಲಿಗೆ ತಾಗುತ್ತೆ, ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗುತ್ತೆ. ಢಂ.

ಆಮೇಲೆ ಬಂದ ಚಕಮಕಿ ಬಂದೂಕು ಇದಕ್ಕಿಂತ ಮಾಡರ್ನ್. ಆದರೆ ಅದಕ್ಕೆ ಬಿಗಿಯಾದ ಉಕ್ಕಿನ ಸ್ಪ್ರಿಂಗ್ ಬೇಕು, ಚೂಪಾದ ಕಲ್ಲು ಬೇಕು. ಕಲ್ಲು ಸವೆದರೆ ಕಿಡಿ ಬೀಳಲ್ಲ. ಬತ್ತಿ ಕೋವಿಯಲ್ಲಿ ಕಿಡಿ ಹುಟ್ಟಿಸೋ ಕೆಲಸವೇ ಇಲ್ಲ, ಬೆಂಕಿ ಮೊದಲೇ ರೆಡಿ. ಕೊಂಡಿ ಮುರಿದರೆ ಊರಿನ ಕಮ್ಮಾರನೇ ಸರಿ ಮಾಡಬಹುದು. ಅದಕ್ಕೇ ನಮ್ಮ ದೇಶದಲ್ಲಿ 19ನೇ ಶತಮಾನದವರೆಗೂ ಅದು ಬಳಕೆಯಲ್ಲಿತ್ತು. ಮ್ಯೂಸಿಯಂಗಳಲ್ಲಿ ಬಂಗಾರದ ಕುಸುರಿ ಇರೋ ಕೋವಿಗಳೂ ಸಿಗುತ್ತವೆ, ಚಂದ ಇವೆ. ಆದರೆ ಆ ಕುಸುರಿಯಿಂದ ಮದ್ದಿಗೆ ಬೇಗ ಬೆಂಕಿ ಹತ್ತಲ್ಲ.

ಹಾಗಂತ ಸರಳ ಇದ್ದದ್ದೆಲ್ಲ ನಂಬಿಕಸ್ಥ ಅಂತಲ್ಲ. ಜೋರು ಮಳೆಗೆ ಬತ್ತಿ ಆರಿಹೋಗುತ್ತೆ. ರಾತ್ರಿ ಅದರ ಕೆಂಡವೇ ನೀವು ಎಲ್ಲಿದ್ದೀರಿ ಅಂತ ವೈರಿಗೆ ಹೇಳುತ್ತೆ. ವಾಗಣಗೇರಾ ಮುತ್ತಿಗೆ ನಡೆದದ್ದು ಬೇಸಿಗೆಯಲ್ಲಿ. ಬತ್ತಿ ಕೋವಿಗೆ ನಮ್ಮ ಬಿಸಿಲಿಗಿಂತ ಒಳ್ಳೆ ಜಾಗ ಎಲ್ಲಿ ಸಿಗಬೇಕು? ಯಾವ ಹವೆಯಲ್ಲಿ, ಯಾರ ಕೈಯಲ್ಲಿ ಅನ್ನೋದೂ ಡಿಸೈನಿನ ಭಾಗವೇ.

ಇದನ್ನ ಮರೆತವರು ದೊಡ್ಡ ದೇಶದವರೂ ಇದ್ದಾರೆ. ವಿಯೆಟ್ನಾಂ ಯುದ್ಧಕ್ಕೆ ಅಮೆರಿಕ ಎಂ-16 ರೈಫಲ್ ಕಳಿಸಿತು. ಹಗುರ, ಕಪ್ಪು ಪ್ಲಾಸ್ಟಿಕ್, ಸಿನಿಮಾದಿಂದ ಬಂದ ಹಾಗೆ. ಜಾಸ್ತಿ ಕ್ಲೀನ್ ಮಾಡೋದೇ ಬೇಡ ಅನ್ನೋ ಮಾತು ಹಬ್ಬಿತ್ತು, ಎಷ್ಟೋ ಸೈನಿಕರಿಗೆ ಕ್ಲೀನಿಂಗ್ ಕಿಟ್ಟೇ ಸಿಗಲಿಲ್ಲ. ಮದ್ದು ಬದಲಾಗಿತ್ತು, ನಳಿಗೆಯ ಗುಂಡಿನ ಗೂಡಿಗೆ ಕ್ರೋಮ್ ಲೇಪನ ಇರಲಿಲ್ಲ. ಖಾಲಿ ತೋಟಾ ಒಳಗೇ ಸಿಕ್ಕಿಕೊಳ್ಳುತ್ತಿತ್ತು. ಗುಂಡಿನ ಚಕಮಕಿ ನಡುವೆ ಕೋಲು ಹಾಕಿ ಅದನ್ನ ತಳ್ಳಬೇಕಾದ ಹುಡುಗರ ವಯಸ್ಸು ಹೆಚ್ಚುಕಮ್ಮಿ ನಮ್ಮದೇ. 1967ರಲ್ಲಿ ಅಲ್ಲಿನ ಸಂಸತ್ತೇ ತನಿಖೆ ಮಾಡಿತು. ಆಮೇಲೆ ಕ್ರೋಮ್ ಬಂತು, ಕಿಟ್ ಬಂತು.

ನಮ್ಮ ರೋಬೋಟಿಗೆ ಮರುದಿನ ಎರಡನೇ ಚಾನ್ಸ್ ಸಿಕ್ಕಿತು. ಬಾಡಿ ಕಳಚಿಟ್ಟು ವೈರುಗಳನ್ನೆಲ್ಲ ಬೆಸುಗೆ ಹಾಕಿದ್ವಿ. ನೋಡೋಕೆ ಅಸ್ಥಿಪಂಜರ. ಮೂರು ಸುತ್ತೂ ಓಡಿತು. ಪ್ರೆಸೆಂಟೇಶನ್ ಮಾರ್ಕ್ಸ್ ಮಾತ್ರ ಕಮ್ಮಿ ಬಂತು ಬಿಡಿ.